ಮೂವತ್ತು ಎಣಿಸುವವರೆಗೆ

ಅರಕಲಗೂಡಿನ ಪೇಟೆಬೀದಿಯ ಆ ಮನೆಯಲ್ಲಿ ಊಟಕ್ಕೆ ಮೇಜಿರಲಿಲ್ಲ. ನಡುಮನೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ಕೂರುವುದು, ಮೊದಲು ಗಂಡಸರು ಮತ್ತು ಮಗು, ಅವರದಾದ ಮೇಲೆ ಅಡುಗೆಮನೆಯಲ್ಲಿ ಹೆಂಗಸರು. ಗೌರೀಶಂಕರನ ತಂದೆಯ ಕಾಲದಿಂದ ಹೀಗೇ ನಡೆದು ಬಂದಿತ್ತು. ಅವನ ಜಾಗ ದೇವರ ಕೋಣೆಯ ಬಾಗಿಲ ಪಕ್ಕ. ಆದರೆ ಈ ಸಲದ ಯುಗಾದಿ ಕಳೆದಾಗಿನಿಂದ ಅವನು ಆ ಜಾಗ ಬಿಟ್ಟು, ಹಿತ್ತಲಿಗೆ ಇಳಿಯುವ ಮೆಟ್ಟಿಲ ಮೇಲೆ ಕೂತು, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣತೊಡಗಿದ್ದ. ಕೇಳಿದರೆ, "ಇಲ್ಲಿ ಗಾಳಿ ಬತ್ತದೆ" ಅನ್ನುತ್ತಿದ್ದ. ಬೇಸಿಗೆಯಲ್ಲಿ ಎಲ್ಲರೂ ನಂಬಿದರು. ಆಷಾಢದ ಮಳೆಯ ಎರಚಲು ತಟ್ಟೆಗೆ ಬೀಳುವಾಗಲೂ ಅವನು ಅಲ್ಲೇ ಕೂತದ್ದನ್ನು ಸೊಸೆ ನೇತ್ರಾ ಒಂದು ಗಳಿಗೆ ನಿಂತು ನೋಡಿದಳು.

ಅರವತ್ತಾರರ ಗೌರೀಶಂಕರನನ್ನು ಊರಿನಲ್ಲಿ ಪಾತ್ರೆ ಅಂಗಡಿಯವನು ಎಂದು ಗುರುತಿಸುವವರಿಗಿಂತ ಓಡುವವನು ಎಂದು ಗುರುತಿಸುವವರೇ ಹೆಚ್ಚು. ಇಪ್ಪತ್ತನಾಲ್ಕನೇ ವಯಸ್ಸಿನಿಂದ, ಮಳೆಯಿರಲಿ ಮಂಜಿರಲಿ, ಬೆಳಿಗ್ಗೆ ಐದಕ್ಕೆ ಮನೆ ಬಿಟ್ಟು, ಮಲ್ಲಿಪಟ್ಟಣದ ರಸ್ತೆ ಹಿಡಿದು ಐದು ಕಿಲೋಮೀಟರು ಹೋಗಿ ಐದು ಕಿಲೋಮೀಟರು ಬರುತ್ತಿದ್ದ. ಮಗ ಪರಮೇಶ್ ಹುಟ್ಟಿದ ದಿನ ಓಡಿದ್ದ. ತಂದೆ ತೀರಿಕೊಂಡು ಶಿವಗಣಾರಾಧನೆ ಮುಗಿದ ಮರುದಿನ ಓಡಿದ್ದ. ಹಾಸನದಲ್ಲಿ ಹಿರಿಯರ ಓಟದಲ್ಲಿ ಗೆದ್ದ ಪದಕಗಳು ಅಂಗಡಿಯದೇ ಒಂದು ಸ್ಟೀಲ್ ಡಬ್ಬಿಯಲ್ಲಿದ್ದವು. ಓಡುವ ಮೊದಲು ಕಾಲೇಜು ಮೈದಾನದ ಗೋಡೆಗೆ ಕಾಲು ಎತ್ತಿಟ್ಟು ಮೈ ಎಳೆದುಕೊಳ್ಳುವವರನ್ನು ಕಂಡರೆ ಅವನಿಗೆ ನಗು. "ಓಡಕ್ಕೆ ಮನಸ್ಸಿಲ್ದೋರು ಹೊತ್ತು ಕಳೆಯೋದು ಅದು" ಅನ್ನುತ್ತಿದ್ದ.

ಕಾಲುಗಳು ಈಗಲೂ ಓಡುತ್ತಿದ್ದವು. ಮುಂದಕ್ಕೆ ಓಡುವುದೊಂದನ್ನು ಬಿಟ್ಟು ಬೇರೆ ಯಾವ ಕಡೆಗೂ ಬಾಗುವುದನ್ನು ಮಾತ್ರ ಮರೆತಿದ್ದವು.

ಗಣೇಶನ ಹಬ್ಬ ಕಳೆದ ಭಾನುವಾರ ಅಯ್ನೋರು ಗುಂಡಯ್ಯ ಮನೆಗೆ ಬಂದರು. ಮೊಮ್ಮಗಳು ನಿಧಿಗೆ ಹನ್ನೊಂದು ತುಂಬಿತ್ತು, ಅವಳ ಲಿಂಗದೀಕ್ಷೆಗೆ ದಿನ ಗೊತ್ತುಮಾಡಬೇಕಿತ್ತು. ಚನ್ನರಾಯಪಟ್ಟಣದಿಂದ ತಮ್ಮ ಸಿದ್ದೇಶನೂ ಬಂದಿದ್ದ. ಸಿದ್ದೇಶ ತೆಂಗಿನಕಾಯಿ ವ್ಯಾಪಾರದವನು, ಹೊಟ್ಟೆ ಮುಂದೆ ಬಂದವನು, ಹೊರಟ ಬಸ್ಸಿನ ಹಿಂದೆ ಕೂಡ ಓಡಿದವನಲ್ಲ.

"ಕಾರ್ತೀಕದ ಎರಡನೇ ಸೋಮವಾರ ಇಟ್ಕೊಳ್ಳಿ" ಎಂದರು ಗುಂಡಯ್ಯ. "ಮನೆಯ ಹಿರೇ ದಂಪತಿ ಪಾದಪೂಜೆಗೆ ಕೂರ್ಬೇಕು. ಒಂದು ಗಂಟೆ ಮೇಲಾಯ್ತದೆ. ನೀನೂ ದಾಕ್ಷಾಯಣಮ್ಮನೂ ತಾನೆ ಗೌರೀಶಂಕರ?"

"ಇನ್ಯಾರು ಅಯ್ನೋರೆ."

ಹಾಗೆಂದು ಅವರ ಪಾದ ಮುಟ್ಟಲು ಬಗ್ಗಿದ. ಒಂದು ಮಂಡಿ ನೆಲಕ್ಕೆ ಊರಿತು. ಇನ್ನೊಂದು ಅರ್ಧದಲ್ಲೇ ನಿಂತಿತು. ತೊಡೆಯ ಹಿಂಬದಿಯಲ್ಲಿ ಏನೋ ಬಿಗಿದ ಹಗ್ಗದಂತೆ ಹಿಡಿದು, ಅವನು ಕೂರಲೂ ಆಗದೆ ಏಳಲೂ ಆಗದೆ ಪಕ್ಕಕ್ಕೆ ವಾಲಿದ. ನೇತ್ರಾ ಕಾಫಿ ಲೋಟದ ತಟ್ಟೆಯನ್ನು ಅಲ್ಲೇ ನೆಲಕ್ಕಿಟ್ಟು ಓಡಿಬಂದು ಮೊಣಕೈ ಹಿಡಿದಳು. ಸೊಸೆಯ ಕೈ ಮೈಗೆ ತಗುಲಿದ್ದು ಅದೇ ಮೊದಲು. ಅವನು ಕೈ ಬಿಡಿಸಿಕೊಂಡು ಗೋಡೆ ಹಿಡಿದು ಎದ್ದ.

ಸಿದ್ದೇಶ ಚಕ್ಕಳಮಕ್ಕಳ ಹಾಕಿ ಕೂತಲ್ಲಿಂದಲೇ ನಕ್ಕ. "ಏನಣ್ಣ, ಹತ್ತು ಕಿಲೋಮೀಟ್ರು ಓಡೋನಿಗೆ ಒಂದು ಮಣೆ ಮೇಲೆ ಕೂರಕ್ಕಾಗಲ್ವಾ?"

"ಬೆಳಿಗ್ಗೆ ಜಾಸ್ತಿ ಓಡ್ಬುಟ್ಟೆ."

"ಆಗದಿದ್ರೆ ಹೇಳಪ್ಪ, ಬೇಜಾರಿಲ್ಲ. ನಾನೂ ಗುರುಸಿದ್ದಮ್ಮನೂ ಕೂತ್ಕೊತೀವಿ. ಕೂರೋದ್ರಲ್ಲಿ ನಮ್ಮನ್ನ ಮೀರಿಸೋರಿಲ್ಲ."

"ಕುರ್ಚಿ ಹಾಕ್ಕೊಂಡ್ರೆ ಆಗಲ್ವಾ?" ಎಂದು ಪರಮೇಶ್ ಕೇಳಿದ.

ಗುಂಡಯ್ಯ ಮೀಸೆಯಲ್ಲೇ ನಕ್ಕರು. "ಕುರ್ಚಿ ಮೇಲೆ ನಾನು ಕೂತಿರ್ತೀನಿ ಕಣಯ್ಯ. ಪಾದ ತೊಳೆಯೋನೂ ಕುರ್ಚಿ ಮೇಲೆ ಕೂತ್ರೆ ನಾನು ಅಟ್ಟ ಹತ್ಬೇಕಾಯ್ತದೆ."

ಎಲ್ಲರೂ ನಕ್ಕರು. ಗೌರೀಶಂಕರ ನಗಲಿಲ್ಲ. ಈ ಮನೆಯ ಮಣೆಯ ಮೇಲೆ ತಂದೆ ಕೂತಿದ್ದ, ತಂದೆಯ ನಂತರ ತಾನು. ತಾನು ಬದುಕಿದ್ದೂ ಎದುರಿಗೆ ನಿಂತು ತಮ್ಮ ಕೂರುವುದನ್ನು ನೋಡುವುದೆಂದರೆ? "ಎಂಟು ವಾರ ಇದೆ ಅಯ್ನೋರೆ, ಕೂರ್ತೀನಿ" ಎಂದ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ದಾಕ್ಷಾಯಣಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡಳು. "ಆಗದಿದ್ರೆ ಬಿಡಿ. ಸಿದ್ದೇಶ ಕೂತ್ರೆ ಊರೇನು ಮುಳುಗಲ್ಲ."

"ನೀನು ಸುಮ್ಕಿರು" ಎಂದ ಅವನು.

ಹಾಸನಕ್ಕೆ ಕರೆದುಕೊಂಡು ಹೋದವಳು ನೇತ್ರಾ. ಹೆರಿಗೆಯ ನಂತರ ಅವಳ ಸೊಂಟನೋವಿಗೆ ಕಸರತ್ತು ಹೇಳಿಕೊಟ್ಟಿದ್ದ ಆಸ್ಪತ್ರೆಯಲ್ಲಿ ಈಗ ಆ ಕೆಲಸಕ್ಕೆ ಮೇಘಶ್ರೀ ಎಂಬ ಹುಡುಗಿ ಇದ್ದಳು. ಅವನನ್ನು ಮಂಚದ ಮೇಲೆ ಅಂಗಾತ ಮಲಗಿಸಿ, ಮಂಡಿ ಮಡಚದಂತೆ ಹಿಡಿದು ಒಂದು ಕಾಲನ್ನು ಮೇಲೆತ್ತಿದಳು. ಕಾಲು ಒಂದು ಮೊಳ ಎದ್ದು ನಿಂತಿತು.

"ಎಷ್ಟು ವರ್ಷದಿಂದ ಓಡ್ತಿದೀರ ಸಾರ್?"

"ನಲವತ್ತೆರಡು."

"ಸ್ಟ್ರೆಚಿಂಗ್?"

"ಅದೆಲ್ಲ ಮಾಡಿಲ್ಲಮ್ಮ."

"ಒಂದ್ಸಲಾನೂ?"

"ಬಚ್ಚಲಿಗೆ ಹೋಗೋ ಮುಂಚೆ ಮೈ ಮುರೀತೀನಿ."

ಹುಡುಗಿ ನಗು ತಡೆದುಕೊಂಡಳು. ಒಂದು ಕಾಗದದ ಮೇಲೆ ಕಡ್ಡಿಕಾಲಿನ ಮನುಷ್ಯನ ನಾಲ್ಕು ಚಿತ್ರ ಬರೆದಳು. ಅಂಗಾತ ಮಲಗಿ ಟವೆಲ್‌ನಿಂದ ಪಾದ ಎಳೆಯುವುದು, ಮಂಡಿಯನ್ನು ಎದೆಗೆ ತರುವುದು, ಅಂಗಾಲು ಜೋಡಿಸಿ ಕೂರುವುದು, ಗೋಡೆಗೆ ಕೈಯಿಟ್ಟು ಮೀನಖಂಡ ಹಿಗ್ಗಿಸುವುದು. ಒಂದೊಂದಕ್ಕೂ ಮೂವತ್ತು ಎಣಿಸುವವರೆಗೆ ಹಿಡಿಯಬೇಕು. ದಿನಕ್ಕೆ ಮೂರು ಹೊತ್ತು. "ಎಳೆತ ಗೊತ್ತಾಗ್ಬೇಕು ಸಾರ್, ನೋವಾಗ್ಬಾರದು. ಆಮೇಲೆ, ಆರು ವಾರ ಓಟ ಬೇಡ."

ಇದು ಅವನಿಗೆ ಕೇಳಿಸಲಿಲ್ಲವೇನೋ ಎಂದು ಅವಳು ಇನ್ನೊಂದು ಸಲ ಹೇಳಿದಳು.

ಬಸ್ಸಿನಲ್ಲಿ ಮಾವ ಸೊಸೆ ಬೇರೆಬೇರೆ ಸೀಟಿನಲ್ಲಿ ಕೂತು ಬಂದರು. ಇಳಿಯುವಾಗ ನೇತ್ರಾ, "ಮಾಡ್ತೀರಾ ಮಾವ?" ಎಂದಳು. "ನೋಡಾಣ" ಎಂದ.

ಮಾಡುವುದಕ್ಕೆ ಜಾಗವಿರಲಿಲ್ಲ. ಅವನ ಕೋಣೆಯಲ್ಲಿ ಎರಡು ಮಂಚ ಬಿಟ್ಟರೆ ಉಳಿದದ್ದೆಲ್ಲ ಅಂಗಡಿಯಲ್ಲಿ ಹಿಡಿಸದ ಕೊಳಗ, ಹಂಡೆ, ಒಂದರೊಳಗೊಂದು ಕೂರಿಸಿಟ್ಟ ಬೋಸಿಗಳು. ಮೊದಲ ದಿನ ಕಾಲು ಚಾಚಿದಾಗ ಅವುಗಳ ಒಂದು ಸಾಲು ಉರುಳಿ ಬೀದಿಯೆಲ್ಲ ಎದ್ದಿತು. ಉಳಿದದ್ದು ನಡುಮನೆ. ಅಲ್ಲಿ ಚಾಪೆ ಹಾಸಿ, ಪಂಚೆ ಬಿಟ್ಟು ಚಡ್ಡಿಯಲ್ಲಿ ಮಲಗಿ, ಕಾಲನ್ನು ಸೂರಿಗೆ ಎತ್ತಿ, ಟವೆಲ್ ಹಿಡಿದುಕೊಂಡಿದ್ದಾಗ ನೇತ್ರಾ ಬಾಗಿಲು ಸಾರಿಸಲು ಬಕೆಟ್ ಹಿಡಿದು ಬಂದಳು. ಅವನು ಗಡಬಡಿಸಿ ಎದ್ದು ಚಾಪೆಯನ್ನೇ ಸೊಂಟಕ್ಕೆ ಸುತ್ತಿಕೊಂಡ.

"ಚಪ್ಲಿ ಹುಡುಕ್ತಿದ್ದೆ" ಎಂದ.

ನೇತ್ರಾ ಗೋಡೆಯ ಕಡೆ ಮುಖ ಮಾಡಿ ಹೊರಗೆ ಹೋದಳು. ಆ ದಿನ ಮಧ್ಯಾಹ್ನ ಮಗಳ ಬಾಯಲ್ಲಿ ಹೇಳಿಕಳಿಸಿದಳು. "ತಾತ, ಐದೂವರೆಯಿಂದ ಆರೂಕಾಲರವರೆಗೆ ನಡುಮನೆ ನಿಂದಂತೆ. ಅಮ್ಮ ಹಿತ್ತಲ ಬಾಗಿಲಿಂದ ಓಡಾಡ್ತಾಳಂತೆ. ಅಜ್ಜಿ ಅಡುಗೆಮನೆ ಬಾಗಿಲು ಹಾಕ್ಕೊತಾರಂತೆ."

"ನಿಮ್ಮಜ್ಜಿ ಪೂಜೆ?"

"ಅದೂ ಅಡುಗೆಮನೇಲೇ ಅಂತೆ."

ನಲವತ್ತೆರಡು ವರ್ಷ ಆ ಹೊತ್ತಿನಲ್ಲಿ ಅವನು ಮಲ್ಲಿಪಟ್ಟಣದ ರಸ್ತೆಯ ಮೇಲಿರುತ್ತಿದ್ದ. ಬೆಳಗಿನ ಜಾವದ ಮನೆ ಹೇಗಿರುತ್ತದೆಂದು ಅವನಿಗೆ ತಿಳಿದಿರಲಿಲ್ಲ. ಮುಚ್ಚಿದ ಬಾಗಿಲಾಚೆ ಪಾತ್ರೆ ಇಡುವ ಸದ್ದು, ಹೆಂಡತಿ ಸಣ್ಣಗೆ ಮಂತ್ರ ಹೇಳುವ ಸದ್ದು, ನಡುವೆ ಒಮ್ಮೊಮ್ಮೆ "ಅಮ್ಮಾ ಶಿವನೇ" ಎಂಬ ಉಸಿರು. ಅಡುಗೆ ಕೆಲಸದ ಆಯಾಸ ಎಂದುಕೊಂಡು ಅವನು ಇನ್ನೊಂದು ಕಾಲು ಎತ್ತುತ್ತಿದ್ದ.

ಎರಡು ವಾರ ಕಳೆದರೂ ಕಾಲು ಒಂದಿಂಚು ಮೇಲೇರಲಿಲ್ಲ. ಊಟ ಮೆಟ್ಟಿಲ ಮೇಲೆಯೇ. ಪರಮೇಶ್ ತಟ್ಟೆಯ ಮೇಲೆ ಬಗ್ಗಿಕೊಂಡು, "ಅಪ್ಪ, ಹೆಂಗೂ ಓಡಕ್ಕೆ ಹೋಗ್ತಿಲ್ಲ, ಬೆಳಿಗ್ಗೆ ಅಂಗಡಿ ಬಾಗಿಲಾದ್ರೂ ತೆಗೀಬೋದಲ್ಲ. ದಸರಾ ಹತ್ರ ಬಂತು, ಒಬ್ನೇ ಸಾಯ್ತಿದೀನಿ" ಎಂದ.

"ಕಸರತ್ತು ಮೂರು ಹೊತ್ತು ಮಾಡ್ಬೇಕು ಕಣೋ."

"ಹತ್ತು ನಿಮಿಷಕ್ಕೆ ಮುಗಿಸಿ ಎದ್ದು ಪೇಪರ್ ಓದ್ತೀರಂತೆ."

"ಜಲ್ದಿ ಮಾಡ್ತೀನಿ. ಆ ಹುಡುಗಿ ಅರ್ಧ ಗಂಟೆ ಅಂದ್ಲು. ನಂಗೆ ಹತ್ತೇ ನಿಮಿಷ ಸಾಕು." ಅವನ ದನಿಯಲ್ಲಿ ಸ್ವಲ್ಪ ಹೆಮ್ಮೆಯಿತ್ತು.

ನಿಧಿಗೆ ಅನುಮಾನ ಬಂತು. ಮರುದಿನ ಅಮ್ಮನ ಫೋನು ಹಿಡಿದು ಚಾಪೆಯ ಪಕ್ಕ ಕೂತಳು. ತಾತ ಕಾಲೆತ್ತಿ ಎಣಿಸತೊಡಗಿದ. ಒಂದೆರಡ್ಮೂರ್ನಾಕೈದಾರೇಳೆಂಟು ಎಂದು, ರಸ್ತೆಯ ಕೊನೆಯ ನೂರು ಮೀಟರಿನಲ್ಲಿ ಉಸಿರು ಬಿಡುವಂತೆ.

"ತಾತ, ನಿನ್ನ ಮೂವತ್ತು ಹನ್ನೊಂದು ಸೆಕೆಂಡಿಗೆ ಮುಗಿದೋಯ್ತು."

"ಒಳ್ಳೇದಲ್ವಾ?"

"ಇದು ರೇಸಲ್ಲ ತಾತ. ಅಷ್ಟೊತ್ತು ಸುಮ್ನೆ ಹಿಡ್ಕೊಂಡಿರ್ಬೇಕು."

"ಸುಮ್ನೆ ಹಿಡ್ಕೊಂಡು ಏನ್ಮಾಡೋದು?"

"ಏನೂ ಇಲ್ಲ. ಹಿಡ್ಕೊಳ್ಳೋದು ಅಷ್ಟೇ."

ಅಂದಿನಿಂದ ಎಣಿಸುವ ಕೆಲಸ ನಿಧಿಯದಾಯಿತು. ಅವಳು ಶಾಲೆಯ ಪದ್ಯ ಓದುವಂತೆ ಎಳೆದು ಎಳೆದು ಎಣಿಸಿದಳು. ಹತ್ತರ ಹೊತ್ತಿಗೆ ತೊಡೆ ನಡುಗುತ್ತಿತ್ತು, ಇಪ್ಪತ್ತರ ಹೊತ್ತಿಗೆ ಅವನಿಗೆ ಸಿಟ್ಟು ಬರುತ್ತಿತ್ತು. ಹತ್ತು ಕಿಲೋಮೀಟರು ಓಡಿದಾಗಲೂ ಇಷ್ಟು ಉದ್ದದ ಹೊತ್ತನ್ನು ಅವನು ಕಂಡಿರಲಿಲ್ಲ. ದಸರಾ ರಜೆ ಮುಗಿಯುವಾಗ ನಾಲ್ಕು ಪದರ ಮಡಚಿದ ಕಂಬಳಿಯ ಮೇಲೆ, ಗೋಡೆಗೆ ಒರಗಿ, ಅನ್ನ ಸಾರು ಮುಗಿಯುವವರೆಗೆ ಕೂತ. ಮಜ್ಜಿಗೆಯ ಹೊತ್ತಿಗೆ ಮೆಟ್ಟಿಲಿಗೆ ಹೋದ.

"ಸಾರಿನವರೆಗೆ ಬಂತು" ಎಂದು ನಿಧಿ ಅಡುಗೆಮನೆಗೆ ಕೂಗಿ ಹೇಳಿದಳು. ಒಳಗೆ ಅಜ್ಜಿ ಪಾತ್ರೆ ಎತ್ತಿಡುವ ಸದ್ದಷ್ಟೇ ಕೇಳಿಸಿತು.

ಆ ವಾರವೇ ಆಹ್ವಾನ ಪತ್ರಿಕೆ ಹಂಚುವ ಕೆಲಸ ಬಂತು. ಹೊಳೆನರಸೀಪುರದ ಕಡೆಯದನ್ನು ಗೌರೀಶಂಕರ ತೆಗೆದುಕೊಂಡ. ಹಳೇಕೋಟೆಯಲ್ಲಿ ನೇತ್ರಾಳ ಅಣ್ಣ ದೇವರಾಜುವಿನ ಮನೆ. ಬಸ್ಸು ಊರಿಗೆ ಇನ್ನೂ ಮೂರು ಕಿಲೋಮೀಟರು ಇರುವಾಗ ಯಾರಿಗೋ ನಿಂತಿತು. ಕಿಟಕಿಯಾಚೆ ನಾಲೆಯ ಏರಿ, ನೆಟ್ಟಗೆ, ಒಬ್ಬ ಮನುಷ್ಯನೂ ಇಲ್ಲದೆ. ಗೌರೀಶಂಕರ ಅಲ್ಲೇ ಇಳಿದುಬಿಟ್ಟ. ಸ್ವಲ್ಪ ದೂರ ನಡೆದ. ಆಮೇಲೆ ಪಂಚೆ ಎತ್ತಿ ಕಟ್ಟಿ, ಪತ್ರಿಕೆಯ ಚೀಲವನ್ನು ಕಂಕುಳಲ್ಲಿಟ್ಟು, ಚಪ್ಪಲಿ ಕೈಯಲ್ಲಿ ಹಿಡಿದು ಓಡಿದ. ಐದು ವಾರ ಕಟ್ಟಿಹಾಕಿದ್ದ ಕಾಲು. ಗಾಳಿ ಕಿವಿಯಲ್ಲಿ ಹರಿಯಿತು. ಒಂದು ಕಿಲೋಮೀಟರು ಆದಾಗ ಅವನಿಗೆ ಇಪ್ಪತ್ತನಾಲ್ಕು ವಯಸ್ಸು. ಎರಡು ಆಗುವ ಮೊದಲೇ ಬಲತೊಡೆಯ ಹಿಂದೆ ಯಾರೋ ಕಲ್ಲು ಬೀಸಿದಂತಾಯಿತು.

ಸಂಜೆ ದೇವರಾಜು ಅವನನ್ನು ಬೈಕಿನಲ್ಲಿ ಕೂರಿಸಿ ಅರಕಲಗೂಡಿಗೆ ತಂದ.

"ಎಲ್ಲಿ ಬಿದ್ರಿ?" ಎಂದು ಪರಮೇಶ್ ಕೇಳಿದ.

"ಬೀಳ್ಲಿಲ್ಲ. ನರ ಹಿಡ್ಕೋತು."

"ನಡೀವಾಗಲಾ?"

ಗೌರೀಶಂಕರ ಪಂಚೆಯ ಧೂಳು ಕೊಡವಿಕೊಂಡ. ದೇವರಾಜು ಹೆಲ್ಮೆಟ್ಟನ್ನು ಕೈಯಲ್ಲಿ ತಿರುಗಿಸುತ್ತ, "ನಾಲೆ ಏರಿ ಮೇಲೆ ಓಡ್ತಿದ್ರು ಭಾವ. ದೂರದಿಂದ ನೋಡಿ ಯಾರೋ ಚಪ್ಲಿ ಕದ್ದು ಓಡ್ತಾವ್ರೆ ಅಂದ್ಕೊಂಡೆ" ಎಂದ.

ಪರಮೇಶನಿಗೆ ನಗು ಬರಲಿಲ್ಲ. "ನಿಮ್ಗೋಸ್ಕರ ಇಡೀ ಮನೆ ಹಿತ್ತಲ ಬಾಗಿಲಲ್ಲಿ ಓಡಾಡ್ತೈತೆ ಅಪ್ಪ. ನಿಧಿ ಓದೋದು ಬಿಟ್ಟು ಎಣಿಸ್ತಾಳೆ. ನೀವು ಇಂಗೆ."

"ಬೈಬೇಡ. ಗೊತ್ತು ನಂಗೆ."

"ಏನು ಗೊತ್ತು? ಚಿಕ್ಕಪ್ಪಂಗೆ ಈಗ್ಲೇ ಫೋನ್ ಮಾಡ್ತೀನಿ. ಅವ್ರೇ ಕೂತ್ಕೊಳ್ಳಲಿ."

"ಮಾಡ್ಬೇಡ ಕಣೋ."

"ಮಾಡ್ಲಿ ಬಿಡಿ" ಎಂದಳು ದಾಕ್ಷಾಯಣಮ್ಮ. ದೇವರಾಜುವಿಗೆ ಕಾಫಿ ಕೊಟ್ಟು ಕಳಿಸಿದಳು. ಅವನು ಹೋದ ಮೇಲೆ ಬಾಗಿಲ ಚೌಕಟ್ಟಿಗೆ ಭುಜ ಆನಿಸಿ ನಿಂತು ಗಂಡನನ್ನು ಕೇಳಿದಳು. "ನಲವತ್ತು ವರ್ಷದಿಂದ ನೀವು ಓಡಿ ಬರೋ ಹೊತ್ತಿಗೆ ಬಿಸಿನೀರು ಕಾಯಿಸಿಟ್ಟಿದೀನಿ. ಒಂದಿನ ತಣ್ಣಗಿತ್ತಾ?"

"ಇಲ್ಲ."

"ಓಡ್ಬೇಡಿ ಅಂತ ಒಂದಿನ ಅಂದಿದೀನಾ?"

"ಇಲ್ಲ."

"ಈಗ ಅಂತೀನಿ, ಮಣೆ ಆಸೆ ಬಿಡಿ. ಸಾಕಾಗೋಗದೆ."

ಅವನಿಗೆ ಆ ಮಾತು ಮಗನ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಎಲ್ಲರಿಗಿಂತ ಮೊದಲು ಇವಳೇ ತನ್ನ ಕೈ ಬಿಟ್ಟಳಲ್ಲ ಎನ್ನಿಸಿತು. ಫೋನ್ ಮಾಡುವುದಿದ್ದರೆ ದೀಕ್ಷೆಯ ಹಿಂದಿನ ದಿನ ಮಾಡು ಎಂದು ಪರಮೇಶನಿಗೆ ಕೈ ಮುಗಿದು ಹೇಳಿದ. ತಂದೆ ಕೈ ಮುಗಿದದ್ದನ್ನು ನೋಡಲಾಗದೆ ಪರಮೇಶ್ ಎದ್ದು ಹೊರಗೆ ಹೋದ.

ಮೇಘಶ್ರೀ ಫೋನಿನಲ್ಲಿ ಐದು ದಿನ ಮಲಗಿರಲು ಹೇಳಿದಳು. ಆರನೆಯ ದಿನದಿಂದ ಮತ್ತೆ ಚಾಪೆ. ಈಗ ಅವನು ಎಳೆಯಲಿಲ್ಲ. ಕಾಲು ಎಲ್ಲಿಗೆ ಬಂದು ನಿಲ್ಲುತ್ತದೋ ಅಲ್ಲೇ ಹಿಡಿದು, ಸೂರಿನ ತೊಲೆ ನೋಡುತ್ತ ನಿಧಿಯ ಜೊತೆ ಎಣಿಸಿದ. ನಿಧಿ ಶಾಲೆಗೆ ಹೋದ ಹೊತ್ತಿನಲ್ಲಿ ಒಬ್ಬನೇ, ಅಷ್ಟೇ ನಿಧಾನವಾಗಿ. ದೀಪಾವಳಿಗೆ ಕಂಬಳಿ ಎರಡು ಪದರಕ್ಕೆ ಇಳಿಯಿತು. ಅದಾಗಿ ನಾಲ್ಕು ದಿನಕ್ಕೆ ಒಂದು ಪದರ. ಸಿದ್ದೇಶ ಚನ್ನರಾಯಪಟ್ಟಣದಿಂದ ಫೋನ್ ಮಾಡಿ, "ಅಣ್ಣ, ನಂಗೆ ರೇಷ್ಮೆ ಪಂಚೆ ಒಗೆಸಿಡ್ಲಾ ಬೇಡ್ವಾ?" ಎಂದು ಕೇಳಿದ. "ಒಗೆಸಿಡು, ಊಟಕ್ಕೆ ಬರಕ್ಕೆ ಬೇಕಲ್ಲ" ಎಂದ ಗೌರೀಶಂಕರ.

ದೀಕ್ಷೆಗೆ ಮೂರು ದಿನ ಉಳಿದಿದ್ದಾಗ, ಶುಕ್ರವಾರ ಮಧ್ಯಾಹ್ನ, ಅವನು ಅಟ್ಟದಿಂದ ಮಣೆ ಇಳಿಸಿ ತನ್ನ ಹಳೆಯ ಜಾಗದಲ್ಲಿ ಹಾಕಿಕೊಂಡ. ಕಂಬಳಿಯಿಲ್ಲ, ಗೋಡೆಯಿಲ್ಲ. ಎರಡೂ ಕಾಲು ಮಡಚಿ ಕೂತ. ಮುದ್ದೆ ಉಂಡ, ಅನ್ನ ಉಂಡ, ಮಜ್ಜಿಗೆ ಕುಡಿದ. ಪರಮೇಶ್ ತಿನ್ನುವುದು ಬಿಟ್ಟು ನೋಡುತ್ತಿದ್ದ. ಶಾಲೆಯಿಂದ ಊಟಕ್ಕೆ ಬಂದಿದ್ದ ನಿಧಿ ಫೋನು ತೋರಿಸಿದಳು. ಮೂವತ್ತೆಂಟು ನಿಮಿಷ.

"ಚಿಕ್ಕಪ್ಪಂಗೆ ಫೋನ್ ಬೇಡ" ಎಂದ ಪರಮೇಶ್. ಅವನ ಮುಖದಲ್ಲಿ ಬಹಳ ದಿನದ ಮೇಲೆ ನಗು ಕಂಡಿತು.

ಗೌರೀಶಂಕರ ಒಳಗೆ ಕೂಗಿದ. "ಬಾರೇ ಇಲ್ಲಿ. ಜೊತೇಲಿ ಒಂದ್ಸಲ ಕೂತು ನೋಡಾಣ."

"ಕೈ ಮುಸುರೆ" ಎಂದು ಉತ್ತರ ಬಂತು.

"ತೊಳ್ಕೊಂಡು ಬಾ."

ಬರಲಿಲ್ಲ. ಅವನು ಕಾಯ್ದ. ಪರಮೇಶ್ ಅಂಗಡಿಗೆ, ನಿಧಿ ಶಾಲೆಗೆ ಹೊರಟರು. ತಟ್ಟೆ ಎತ್ತಿಕೊಂಡು ಅವನೇ ಅಡುಗೆಮನೆಗೆ ಹೋದ. ಹೆಂಗಸರು ಉಣ್ಣುವ ಹೊತ್ತಿಗೆ ಅವನು ಅಲ್ಲಿಗೆ ಹೋದದ್ದೇ ಇಲ್ಲ.

ದಾಕ್ಷಾಯಣಮ್ಮ ಒಲೆಯ ಕಟ್ಟೆಯ ಮುಂದೆ ನಿಂತು ಉಣ್ಣುತ್ತಿದ್ದಳು. ತಟ್ಟೆ ಕಟ್ಟೆಯ ಮೇಲೆ. ಎಡಗೈ ಕಟ್ಟೆಯ ಅಂಚನ್ನು ಬಿಗಿಯಾಗಿ ಹಿಡಿದಿತ್ತು, ಮೈಯ ಭಾರವೆಲ್ಲ ಆ ಕೈಯ ಮೇಲೆ. ನೇತ್ರಾ ಮೂಲೆಯಲ್ಲಿ ನೆಲದ ಮೇಲೆ ಕೂತಿದ್ದಳು. ಕಿಟಕಿಯ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿ, ಅದರ ಎದುರು ಎತ್ತರದ ಸ್ಟೂಲು, ಸ್ಟೂಲಿನ ಮೇಲೆ ವಿಭೂತಿ, ಪತ್ರೆ, ದಾಕ್ಷಾಯಣಮ್ಮನ ಪೂಜೆಯ ತಟ್ಟೆ.

"ಕೂತು ಉಣ್ಣು" ಎಂದ.

"ಇಂಗೇ ಸಲೀಸು."

ಅವನು ನೇತ್ರಾಳನ್ನು ನೋಡಿದ. ನೇತ್ರಾ ಅತ್ತೆಯನ್ನು ನೋಡಿದಳು. ಅತ್ತೆ ಬೇಡವೆನ್ನಲಿಲ್ಲ.

"ಅತ್ತೆ ನೆಲದ ಮೇಲೆ ಕೂತು ಮೂರು ವರ್ಷ ಆಯ್ತು ಮಾವ. ಮಂಡಿ ಎರಡೂ ಹೋಗದೆ."

ಗೌರೀಶಂಕರ ತಟ್ಟೆ ಹಿಡಿದುಕೊಂಡೇ ನಿಂತಿದ್ದ. ಮೂರು ವರ್ಷದ ಹಿಂದೆ ಪರಮೇಶ್ ಬಚ್ಚಲಮನೆಯ ಪಕ್ಕ ಕಮೋಡ್ ಹಾಕಿಸಿದಾಗ, ನನ್ನನ್ನ ಈಗ್ಲೇ ಮುದುಕನ್ನ ಮಾಡ್ತಿದೀರ ಎಂದು ಅವನು ಒಂದು ವಾರ ಮಗನ ಜೊತೆ ಮಾತು ಬಿಟ್ಟಿದ್ದ. ಅದು ಯಾರಿಗೆಂದು ಆಗ ಯಾರೂ ಹೇಳಿರಲಿಲ್ಲ.

"ನಂಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಏನ್ಮಾಡ್ತಿದ್ರಿ? ಬೆಳಿಗ್ಗೆ ಎದ್ದು ಓಡು, ಸರಿಹೋಯ್ತದೆ ಅಂತಿದ್ರಿ."

ಅದು ನಿಜವಾಗಿತ್ತು.

"ಸೋಮವಾರ ಏನ್ಮಾಡ್ಬೇಕು ಅಂತಿದ್ದೆ?"

ದಾಕ್ಷಾಯಣಮ್ಮ ಬಾಯಲ್ಲಿದ್ದ ತುತ್ತನ್ನು ನುಂಗಿದಳು. "ನಿಮ್ಮಿಂದ ಆಗಲ್ಲ ಅಂದ್ಕೊಂಡಿದ್ದೆ. ನಿಮ್ಗೆ ಆಗ್ಲಿಲ್ಲ ಅಂದ್ರೆ ನನ್ನನ್ನ ಯಾರು ಕೇಳ್ತಿದ್ರು? ಗಂಡ ಓಡೋನು, ಕಾಲು ಹಿಡ್ಕೊಂಡದೆ, ಅದ್ಕೇ ತಮ್ಮ ಕೂತ್ಕೊಂಡ ಅಂತಿದ್ರು. ಆಗೋಗ್ತಿತ್ತು." ಅವಳು ತಟ್ಟೆಯನ್ನು ಸಿಂಕಿಗೆ ಸರಿಸಿದಳು. "ನೀವು ಕೂತ್ಬುಟ್ರಿ."

ಹೊರಗೆ ಯಾರೋ ಹಳೇ ಪೇಪರಿನವನು ಕೂಗಿಕೊಂಡು ಹೋದ. ನೇತ್ರಾ ಎಂಜಲು ಕೈಯಲ್ಲೇ ಕೂತಿದ್ದಳು.

"ಗುರುಸಿದ್ದಮ್ಮಂಗೆ ಗೊತ್ತಾದ್ರೆ ಚನ್ರಾಯಪಟ್ಟಣಕ್ಕೆಲ್ಲ ಸಾರ್ತಾಳೆ" ಎಂದಳು ದಾಕ್ಷಾಯಣಮ್ಮ, ತನಗೇ ಹೇಳಿಕೊಳ್ಳುವಂತೆ. "ಅಕ್ಕಂಗೆ ನೆಲಕ್ಕೆ ಕೂರಕ್ಕಾಗಲ್ಲ, ಪೂಜೆ ಎಲ್ಲಿ ಮಾಡ್ತಾಳೋ, ಊಟ ಎಲ್ಲಿ ಮಾಡ್ತಾಳೋ ಅಂತ. ಸೋಮವಾರ ಹೆಂಗಾದ್ರೂ ಕೂರ್ತೀನಿ ಬಿಡಿ. ಏಳೋವಾಗ ನೇತ್ರಾ ಹಿಡ್ಕೊತಾಳೆ."

ಗೌರೀಶಂಕರ ತಟ್ಟೆ ತೊಳೆದಿಟ್ಟು, ನಡುಮನೆಗೆ ಬಂದು, ಮಣೆಯನ್ನು ಗೋಡೆಗೆ ಒರಗಿಸಿಟ್ಟ. ಆ ಮೂರು ದಿನವೂ ಬೆಳಿಗ್ಗೆ ಎಂದಿನಂತೆ ಚಾಪೆ ಹಾಸಿದ. ಅಡುಗೆಮನೆಯ ಬಾಗಿಲು ಹಾಕಿಕೊಳ್ಳಬೇಡವೆಂದು ನಿಧಿಯ ಕೈಲಿ ಹೇಳಿಸಿದ.

ಸೋಮವಾರ ನಡುಮನೆ ತುಂಬ ಜನ. ಹಳೇಕೋಟೆಯವರು, ಚನ್ನರಾಯಪಟ್ಟಣದವರು, ದುದ್ದದಿಂದ ದಾಕ್ಷಾಯಣಮ್ಮನ ತೌರಿನವರು. ಗುಂಡಯ್ಯನವರು ಕುರ್ಚಿಯ ಮೇಲೆ ಕೂತು, ಮುಂದೆ ಎರಡು ಮಣೆ ಹಾಕಿಸಿ, "ಎಲ್ಲಿ, ಹಿರಿಯರು ಬನ್ನಿ" ಎಂದರು. ದಾಕ್ಷಾಯಣಮ್ಮ ಹೊಸ ಸೀರೆಯುಟ್ಟು ಅಡುಗೆಮನೆಯ ಬಾಗಿಲಿಗೆ ಬಂದಳು. ಚೌಕಟ್ಟು ಹಿಡಿದ ಅವಳ ಬೆರಳು ಬಿಳುಚಿಕೊಂಡಿದ್ದವು.

ಗೌರೀಶಂಕರ ಮುಂದೆ ಬಂದ. ಬಲಗಾಲನ್ನು ಎಳೆದು ಹಾಕುತ್ತ ಬಂದ.

"ಆಗ್ಲಿಲ್ಲ ಅಯ್ನೋರೆ" ಎಂದ. "ಬೆಳಿಗ್ಗೆ ಮತ್ತೆ ಹಿಡ್ಕೋತು. ಸಿದ್ದೇಶ ಕೂತ್ಕೊಳ್ಳಲಿ."

"ಅಯ್ಯೋ ತಾತ, ನಿನ್ನೆ ತಾನೆ ನೀನು ಐವತ್ತು ನಿಮಿಷ" ಎಂದು ನಿಧಿ ಶುರುಮಾಡಿದಳು. ನೇತ್ರಾ ಮಗಳ ಜಡೆ ಸರಿಮಾಡುವಂತೆ ಅವಳನ್ನು ಹತ್ತಿರಕ್ಕೆ ಎಳೆದುಕೊಂಡಳು. ಪರಮೇಶ್ ಬಾಯಿ ತೆರೆದವನು ಹೆಂಡತಿಯ ಮುಖ ನೋಡಿ ಮುಚ್ಚಿದ.

ಸಿದ್ದೇಶ ಆಗಲೇ ಶಲ್ಯ ಸರಿಮಾಡಿಕೊಂಡು ಎದ್ದಿದ್ದ. "ನಲವತ್ತು ವರ್ಷ ಓಡಿ ಏನು ಸಿಕ್ತಣ್ಣ ನಿಂಗೆ? ನನ್ನ ನೋಡು, ಕೂತೇ ಗೆದ್ದೆ."

"ಗೆದ್ದೆ ಕಣೋ" ಎಂದ ಗೌರೀಶಂಕರ. ಜನ ನಕ್ಕರು. ದುದ್ದದ ಷಡ್ಡಕ, ಈ ವಯಸ್ಸಿನಲ್ಲಿ ಓಟ ಯಾಕೆ ಬೇಕಿತ್ತು ಎಂದು ಪಕ್ಕದವನಿಗೆ ಹೇಳುವುದು ಕೇಳಿಸಿತು. ಸಿದ್ದೇಶನೂ ಗುರುಸಿದ್ದಮ್ಮನೂ ಮಣೆಯ ಮೇಲೆ ಸಲೀಸಾಗಿ ಕೂತರು. ಯಾರೋ ಗೋಡೆಯ ಪಕ್ಕ ಗೌರೀಶಂಕರನಿಗೊಂದು ಕುರ್ಚಿ ಹಾಕಿದರು. ಅವನು ಇನ್ನೊಂದು ತರಿಸಿದ.

"ಬಾ, ನಂಗೆ ಒಬ್ನೇ ಕೂರಕ್ಕೆ ನಾಚ್ಕೆ" ಎಂದು ಎಲ್ಲರಿಗೂ ಕೇಳುವಂತೆ ಹೆಂಡತಿಯನ್ನು ಕರೆದ.

ದಾಕ್ಷಾಯಣಮ್ಮ ಬಂದು ಕೂತಳು. ಪಾದಪೂಜೆ ಮುಗಿಯುವವರೆಗೂ, ನಿಧಿಯ ಅಂಗೈಗೆ ಲಿಂಗ ಬರುವವರೆಗೂ ಅವಳು ಅವನ ಕಡೆ ನೋಡಲಿಲ್ಲ. ಒಮ್ಮೆ ಮಾತ್ರ, ಸಿದ್ದೇಶ ಅಯ್ನೋರ ಪಾದಕ್ಕೆ ನೀರು ಬಿಡುವಾಗ, ಗಂಡನ ಕೈ ತಂದೆಯ ಮಣೆಯ ಕಡೆಗೆ ತಾನೇ ಸ್ವಲ್ಪ ಚಾಚಿ ಮತ್ತೆ ತೊಡೆಯ ಮೇಲೆ ಬಿದ್ದದ್ದನ್ನು ನೋಡಿದಳು.

ಮಂಗಳವಾರ ಐದಕ್ಕೆ ಗೌರೀಶಂಕರ ಎದ್ದ. ಬಾಗಿಲ ಮೂಲೆಯಲ್ಲಿ ಓಟದ ಶೂ ಇತ್ತು. ಆರು ವಾರದ ಗಡುವು ಕಳೆದಿತ್ತು, ಬೇಕೆಂದರೆ ಓಡಬಹುದಿತ್ತು. ಅವನು ನಡುಮನೆ ದಾಟಿ, ನಿನ್ನೆಯ ಹೂವು ಕಾಲಿಗೆ ಸಿಗುತ್ತಿದ್ದಂತೆ, ಅಡುಗೆಮನೆಗೆ ಹೋದ. ನೇತ್ರಾ ಮಾವನನ್ನು ಅಲ್ಲಿ ನೋಡಿ, ಬಕೆಟ್ ಎತ್ತಿಕೊಂಡು ಬೀದಿ ಬಾಗಿಲಿಗೆ ಹೋದಳು.

ದಾಕ್ಷಾಯಣಮ್ಮ ಹಾಲು ಕಾಯಲು ಇಟ್ಟು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದಳು. ನಿನ್ನೆಯ ಕೆಲಸಕ್ಕೆ ಮಂಡಿ ಎರಡೂ ಊದಿದ್ದವು.

"ಓಡಕ್ಕೆ ಹೋಗಲ್ವಾ?"

"ಹೋದ್ರಾಯ್ತು." ಅವನು ಕುರ್ಚಿಯ ಮುಂದೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಕೂರುವಾಗ ಯಾವ ಸದ್ದೂ ಆಗಲಿಲ್ಲ. "ಗುರುವಾರ ಹಾಸನಕ್ಕೆ ಹೋಗಾಣ. ಅಲ್ಲೀವರ್ಗೂ ಮೀನಖಂಡದ್ದೊಂದು ಮಾಡ್ಬೋದಂತೆ, ಆ ಹುಡುಗೀನ ಕೇಳ್ದೆ. ಕಾಲು ಕೊಡು."

"ಥೂ, ಬೆಳಿಗ್ಗೆ ಬೆಳಿಗ್ಗೆ. ನೇತ್ರಾ ನೋಡ್ತಾಳೆ."

"ಅವಳು ರಂಗೋಲಿ ಹಾಕ್ತಾವ್ಳೆ. ಕೊಡು."

ಅವಳು ಕೊಡಲಿಲ್ಲ. ಅವನೇ ಹಿಮ್ಮಡಿಗೆ ಕೈಯಿಟ್ಟು, ನಿಧಾನಕ್ಕೆ ಎತ್ತಿ, ತನ್ನ ತೊಡೆಯ ಮೇಲಿಟ್ಟುಕೊಂಡ. ಹಿಮ್ಮಡಿ ಒಡೆದು ಗಟ್ಟಿಯಾಗಿತ್ತು. ಪಾದದ ಮುಂಭಾಗವನ್ನು ಅವಳ ಕಡೆಗೆ ಮೆಲ್ಲಗೆ ಬಾಗಿಸಿ ಹಿಡಿದ.

"ನೋಯ್ತದಾ?"

"ಇಲ್ಲ. ಎಳೀತದೆ."

"ಅಷ್ಟೇ ಇರ್ಬೇಕು. ಒಂದು."

ಒಲೆಯ ಮೇಲೆ ಹಾಲಿನ ಅಂಚು ಸಣ್ಣಗೆ ಸದ್ದು ಮಾಡತೊಡಗಿತು.

"ಬೇಗ ಎಣ್ಸಿ, ಹಾಲು ಉಕ್ತದೆ."

"ಐದು."

"ಇಷ್ಟು ನಿಧಾನಕ್ಕಾ?"

ಅವನು ತಲೆಯೆತ್ತಲಿಲ್ಲ. ಬೀದಿಯಲ್ಲಿ ನೇತ್ರಾ ನೀರು ಚೆಲ್ಲುವ ಸದ್ದು ಬಂತು, ಆಮೇಲೆ ಪೊರಕೆಯ ಸದ್ದು. ದಾಕ್ಷಾಯಣಮ್ಮ ಕಣ್ಣು ಮುಚ್ಚಿ, ತಲೆಯನ್ನು ಹಿಂದಿನ ಗೋಡೆಗೆ ಆನಿಸಿದಳು.

"ಎಷ್ಟಾಯ್ತು?" ಎಂದಳು ಸ್ವಲ್ಪ ಹೊತ್ತಿನ ಮೇಲೆ.

"ಹದಿನಾಲ್ಕು."

"ಇನ್ನೂ ಹದಿನಾಲ್ಕಾ?"

"ಹದಿನೈದು" ಎಂದ ಗೌರೀಶಂಕರ. ಒಂದು ಕೈಯಲ್ಲಿ ಕಾಲನ್ನು ಹಾಗೇ ಹಿಡಿದು, ಇನ್ನೊಂದು ಕೈ ಚಾಚಿ ಒಲೆಯನ್ನು ಸಣ್ಣಗೆ ಮಾಡಿದ.